ಅಭಿನಂದನಾ ಪತ್ರದ ಎರಡನೇ ಪುಟ

ಪ್ರಿಯ ಗೆಳತಿ,

ಮಗಳು ಹನ್ನೊಂದನೇ ಕ್ಲಾಸಿಗೆ ಬಂದಳು, ಕಾಲೇಜಿನ ಖರ್ಚು ನೆನೆದರೆ ನಿದ್ದೆ ಹತ್ತುವುದಿಲ್ಲ ಎಂದು ಬರೆದಿದ್ದೀಯ. ನ್ಯೂಜೆರ್ಸಿಯಲ್ಲಿ ನಿನಗೆ ಹತ್ತದ ನಿದ್ದೆ ನಾಲ್ಕು ವರ್ಷದ ಹಿಂದೆ ಶಿಕಾಗೋದಲ್ಲಿ ನನಗೂ ಹತ್ತಿರಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ನಿನ್ನ ಕುಕ್ಕರಿನ ಸೀಟಿಗೇ ಹೋಗುತ್ತದೆ. ಅದಕ್ಕೇ ಈ ಕಾಗದ.

ಮೊದಲು ನನ್ನ ಪೆದ್ದುತನ ಕೇಳು. ಪಕ್ಕದ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯೊಂದರಿಂದ ಮಗನಿಗೆ ಮೆರಿಟ್ ಸ್ಕಾಲರ್‌ಶಿಪ್ ಬಂತು, ವರ್ಷಕ್ಕೆ 8,000 ಡಾಲರ್. ತಕ್ಷಣ ಹಾಸನಕ್ಕೆ ಫೋನ್ ಮಾಡಿದೆ. ಅಮ್ಮ ಗಣಪತಿ ಗುಡಿಯಲ್ಲಿ ಅರ್ಚನೆಯನ್ನೂ ಮಾಡಿಸಿಬಿಟ್ಟರು. ರಾತ್ರಿ ನಮ್ಮವರು ಲೆಕ್ಕಕ್ಕೆ ಕೂತರು. ಎಂಟು ಸಾವಿರ ಕಳೆದ ಮೇಲೂ ನಾವು ಕಟ್ಟಬೇಕಾದದ್ದು, ಆ ರಾಜ್ಯದ ಮಕ್ಕಳು ಯಾವ ಸ್ಕಾಲರ್‌ಶಿಪ್ಪೂ ಇಲ್ಲದೆ ಕಟ್ಟುವುದರ ಎರಡರಷ್ಟು! ಆಷಾಢದ ರಿಯಾಯಿತಿಯಲ್ಲಿ ಸೀರೆ ಕೊಂಡು ಬೀಗಿದ ಹಾಗಾಯಿತು ನನ್ನ ಕಥೆ.

ಇಲ್ಲಿಯ ಸರ್ಕಾರಿ ಯೂನಿವರ್ಸಿಟಿಗಳಿಗೆ ಎರಡು ದರ ಇರುವುದು ನಿನಗೆ ಗೊತ್ತು. ಇಂಡಿಯಾನಾದ ಪರ್ಡ್ಯೂ 2013ರಿಂದ ವರ್ಷಗಟ್ಟಲೆ ಫೀಸು ಏರಿಸದೆ ಹೆಸರಾದ ಜಾಗ. ಅಲ್ಲೂ 2024-25ರಲ್ಲಿ ಆ ರಾಜ್ಯದ ಮಕ್ಕಳಿಗೆ ವರ್ಷಕ್ಕೆ 9,992 ಡಾಲರ್ ಇದ್ದರೆ ಹೊರಗಿನವರಿಗೆ 28,794 ಇತ್ತು. ಊಟ, ವಸತಿ ಬೇರೆ. ತೆರಿಗೆ ಕಟ್ಟುವವರು ನಾವು, ನಮ್ಮ ಮಕ್ಕಳಿಗೆ ಕಡಿಮೆ ಇರಲಿ ಎನ್ನುವುದು ರಾಜ್ಯದವರ ವಾದ, ತಪ್ಪೆನ್ನಲಾರೆ. ಆದರೆ 2008ರ ಆರ್ಥಿಕ ಕುಸಿತದ ನಂತರ ಅನೇಕ ರಾಜ್ಯಗಳು ಅನುದಾನ ಕಡಿತ ಮಾಡಿದವು, ಯೂನಿವರ್ಸಿಟಿಗಳು ಹೊರಗಿನ ಮಕ್ಕಳತ್ತ ಕೈ ಚಾಚಿದವು. ಅಲಬಾಮಾ ಯೂನಿವರ್ಸಿಟಿಯಲ್ಲಿ ಈಗ ಪದವಿ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರರಾಜ್ಯದವರು. ಇಷ್ಟು ಅಂಕಕ್ಕೆ ಇಷ್ಟು ಹಣ ಎಂದು ಅವರೇ ಪಟ್ಟಿ ಹಾಕುತ್ತಾರೆ. ಹೊಗಳಿ ಅಟ್ಟಕ್ಕೇರಿಸುವ ಪತ್ರಕ್ಕಿಂತ ಆ ಪಟ್ಟಿಯೇ ನನಗೆ ಪ್ರಾಮಾಣಿಕವಾಗಿ ಕಂಡಿತು. ಮಗ ಕೊನೆಗೆ ಸೇರಿದ್ದೂ ಇಂಥ ಪಟ್ಟಿಯಿದ್ದ ಒಂದು ಕಡೆಗೇ.

ಟೆಕ್ಸಾಸಿನ ಕಾನೂನು ಇನ್ನೂ ಮಜಾ. ಅಲ್ಲಿಯ ಮಕ್ಕಳ ಜೊತೆ ಸ್ಪರ್ಧಿಸಿ ಕನಿಷ್ಠ 1,000 ಡಾಲರಿನ ಸ್ಕಾಲರ್‌ಶಿಪ್ ಗೆದ್ದರೆ, ಹೊರಗಿನವರಿಗೂ ಒಳಗಿನವರ ದರ ಸಿಗಬಹುದು. ಅದಕ್ಕೊಂದು ಮಿತಿ ಇದೆ, ಎಲ್ಲರಿಗೂ ಸಿಗದು. ಆದರೂ ಸಾವಿರ ಡಾಲರ್ ಅಷ್ಟೇನಾ ಎಂದು ಮೂಗು ಮುರಿಯಬೇಡ. ಸಿಯಾಟಲ್‌ನ ನಿನ್ನ ತಮ್ಮನಿಗೂ ಒಂದು ಮಾತು ಹೇಳು: ಪಶ್ಚಿಮದ ರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಂಡಿವೆ, ಅದರಲ್ಲಿ ಸೇರಿದ ಕಾಲೇಜುಗಳು ಹೆಚ್ಚೆಂದರೆ ಸ್ಥಳೀಯ ದರದ ಒಂದೂವರೆ ಪಟ್ಟು ಕೇಳುತ್ತವೆ. ಕೋರ್ಸು ಯಾವುದು ಅಂತ ಮಾತ್ರ ನೋಡಿಕೊಳ್ಳಲಿ, ಎಲ್ಲ ಕೋರ್ಸಿಗೂ ಇದು ಅನ್ವಯಿಸುವುದಿಲ್ಲ.

ಮಗಳು ಅಕ್ಟೋಬರಿನ ಪಿ.ಎಸ್.ಎ.ಟಿ. ಪರೀಕ್ಷೆಗೆ ಚೆನ್ನಾಗಿ ತಯಾರಾಗಲಿ. ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ಪಿಗೆ ಅದೇ ಬಾಗಿಲು, ಫೈನಲಿಸ್ಟ್ ಆದವರನ್ನು ಕೆಲವು ಯೂನಿವರ್ಸಿಟಿಗಳು ಕೈ ಹಿಡಿದು ಕರೆದೊಯ್ಯುತ್ತವೆ. ಅವಳು ಇಲ್ಲೇ ಹುಟ್ಟಿದವಳು, ವೀಸಾದ ಚಿಂತೆಯಿಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತೇ ತಲೆ ನರೆತವರ ಮಕ್ಕಳ ಪಾಡು ಕೇಳಬೇಡ. ಅಪ್ಪ-ಅಮ್ಮನ ಕೆಲಸದ ವೀಸಾಕ್ಕೆ ಅಂಟಿಕೊಂಡ ಎಚ್-4 ವೀಸಾದ ಮಗು ಎಷ್ಟೇ ಅಂಕ ತೆಗೆದರೂ, ಕೆಲವು ವರ್ಷದ ಹಿಂದಿನವರೆಗೆ ನ್ಯಾಷನಲ್ ಮೆರಿಟ್ ಸ್ಪರ್ಧೆಗೆ ಇಳಿಯುವುದೇ ಕಷ್ಟವಿತ್ತು. ಈಗಲೂ ಆ ಮಗು ಇಪ್ಪತ್ತೊಂದು ತುಂಬಿ ವಿದ್ಯಾರ್ಥಿ ವೀಸಾಕ್ಕೆ ಬದಲಾದರೆ ಅನೇಕ ಕಡೆ ಒಳರಾಜ್ಯದ ದರವೂ ಹೋಗುತ್ತದೆ. ಒಂದನೇ ಕ್ಲಾಸಿನಿಂದ ಇಲ್ಲೇ ಓದಿದ ಮಗುವಿಗೆ ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಇನ್ನು, ಗೆದ್ದದ್ದನ್ನು ಉಳಿಸಿಕೊಳ್ಳುವ ಪಾಡು. ಮಗನ ಸ್ಕಾಲರ್‌ಶಿಪ್ ಪತ್ರದ ಎರಡನೇ ಪುಟದಲ್ಲಿ ಜಿ.ಪಿ.ಎ. 3.0ಕ್ಕಿಂತ ಇಳಿಯಬಾರದು ಎಂದಿತ್ತು. ನಾವು ಮೊದಲ ಪುಟಕ್ಕೇ ಫ್ರೇಮ್ ಹಾಕಿಸುವವರು! ಮೊದಲ ಸೆಮಿಸ್ಟರಿನಲ್ಲಿ ಕ್ಯಾಲ್ಕುಲಸ್ಸೂ ರಸಾಯನಶಾಸ್ತ್ರವೂ ಸೇರಿ ಅವನನ್ನು 2.9ಕ್ಕೆ ತಂದು ನಿಲ್ಲಿಸಿದವು. ನಮಗೆ ಹೇಳಲಿಲ್ಲ. ಕ್ರಿಸ್‌ಮಸ್ ರಜೆಗೆ ಬಂದವನು ಮಾಡಿಟ್ಟ ಕೋಡುಬಳೆ ಮುಟ್ಟಲಿಲ್ಲ, ಆಗ ನನಗೆ ಅನುಮಾನ ಬಂತು. ಪುಣ್ಯಕ್ಕೆ ಲೆಕ್ಕ ಹಿಡಿಯುವುದು ವರ್ಷದ ಕೊನೆಗೆ. ಮೇ ತಿಂಗಳಿಗೆ 3.1 ಮಾಡಿಕೊಂಡ. ಆ ಐದು ತಿಂಗಳು ಮನೆಯಲ್ಲಿ ಯಾರೂ ಜೋರಾಗಿ ಮಾತಾಡಿದ್ದಿಲ್ಲ.

ಫೀಸು ವರ್ಷವರ್ಷ ಏರುತ್ತದೆ, ಸ್ಕಾಲರ್‌ಶಿಪ್ಪಿನ ಮೊತ್ತ ಹೆಚ್ಚಿನ ಕಡೆ ಇದ್ದಲ್ಲೇ ಇರುತ್ತದೆ. ಮೊದಲ ವರ್ಷದ ಬಿಲ್ಲಲ್ಲ, ನಾಲ್ಕೂ ವರ್ಷದ್ದು ಕೂಡಿಸಿ ನೋಡು. ಪಕ್ಕದಲ್ಲಿ ನಿಮ್ಮ ನ್ಯೂಜೆರ್ಸಿಯ ಸರ್ಕಾರಿ ಯೂನಿವರ್ಸಿಟಿ ರಟ್‌ಗರ್ಸ್‌ನ ಒಳರಾಜ್ಯದ ದರ ಬರೆದಿಟ್ಟುಕೋ.

ಪತ್ರ ಬಂದ ದಿನ ಊರಿಗೆ ಫೋನ್ ಮಾಡುವ ಮೊದಲು ಎರಡನೇ ಪುಟದ ಫೋಟೋ ನನಗೆ ಕಳಿಸು. ಎಷ್ಟು ಹೊತ್ತಿನಲ್ಲಾದರೂ ಸರಿ, ಕೂತು ಲೆಕ್ಕ ಹಾಕೋಣ.

ಇಂತಿ ನಿನ್ನ ಗೆಳತಿ