ಅತ್ತಿಗೆಯ ಹೆಲ್ಸಿಂಕಿ ಪ್ರಯಾಣ ಮತ್ತು ನಾನು ಮಾಡಿದ ಒಂದು ತಪ್ಪು

ಹಾಸನಾಂಬೆ ಗುಡಿ ಬಾಗಿಲು ತೆರೆದಾಗ ವಿಶೇಷ ಬಸ್ ಎಷ್ಟು, ಎಲ್ಲಿಂದ ಹೊರಡುತ್ತವೆ, ಕಾರು ನಿಲ್ಲಿಸೋದು ಎಲ್ಲಿ, ಕುಡಿಯೋ ನೀರು ಎಲ್ಲಿ ಸಿಗುತ್ತೆ. ಇಂಥದ್ದನ್ನು ಬರೆದುಬರೆದೇ ನನ್ನ ಹತ್ತು ವರ್ಷ ಕಳೆದಿವೆ. ಜಿಲ್ಲೆಯ ಸ್ಟ್ರಿಂಗರ್‌ಗಳಿಗೆ ಇದು ಮಾಮೂಲಿ ಕೆಲಸ, ಇದಕ್ಕೆ ಬೈಲೈನ್ ಸಿಗುವುದಿಲ್ಲ. ಆದರೆ ಪ್ರಯಾಣ ಮಾಹಿತಿ ಬರೆಯೋದರಲ್ಲಿ ನಾನು ಪಳಗಿದವನು ಅನ್ನೋ ಒಂದು ಹೆಮ್ಮೆ ಒಳಗೊಳಗೇ ಇತ್ತು. ಅದು ಇಳಿದದ್ದು ನಮ್ಮ ಅತ್ತಿಗೆ ಫಿನ್ಲೆಂಡ್‌ಗೆ ಹೊರಟಾಗ.

ಅತ್ತಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹೆರಿಗೆ ವಾರ್ಡಿನಲ್ಲಿ ಹದಿನಾಲ್ಕು ವರ್ಷ. ಹುಟ್ಟಿದ ಮೊದಲ ಒಂದು ಗಂಟೆಯೊಳಗೆ ಮಗುವಿಗೆ ತಾಯಿಹಾಲು ಕುಡಿಸೋದಕ್ಕೆ ರಾತ್ರಿ ಪಾಳಿಯಲ್ಲಿ ಏನೇನು ಅಡ್ಡಿ ಬರುತ್ತೆ ಅಂತ ಅವರು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಅವರಿಗೆ ಪಾಠ ಹೇಳಿದ ನರ್ಸಿಂಗ್ ಕಾಲೇಜಿನ ಮೇಡಂ ಒಬ್ಬರು ಅದನ್ನು ನೋಡಿ, ಲೆಕ್ಕ ಹಾಕಿಸಿ, ಇಂಗ್ಲಿಷಿನಲ್ಲಿ ಒಂದು ಪುಟ ಮಾಡಿಸಿ ಕಳಿಸಿದರು. ಅಂತರರಾಷ್ಟ್ರೀಯ ದಾದಿಯರ ಪರಿಷತ್ತು ಅಂತ ಒಂದಿದೆ. 1899ರಲ್ಲಿ ಹುಟ್ಟಿದ್ದು, ಕಚೇರಿ ಜಿನೀವಾದಲ್ಲಿ. ಎರಡು ವರ್ಷಕ್ಕೊಮ್ಮೆ ಮಹಾ ಸಮ್ಮೇಳನ ನಡೆಸುತ್ತದೆ. 2023ರದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ ಆಗಿತ್ತು, 2025ರದ್ದು ಜೂನ್ 9ರಿಂದ 13ರವರೆಗೆ ಹೆಲ್ಸಿಂಕಿಯಲ್ಲಿ. ಅಲ್ಲಿ ಅತ್ತಿಗೆಯ ಪೋಸ್ಟರ್‌ಗೆ ಒಪ್ಪಿಗೆ ಸಿಕ್ಕಿತು.

'ಫಿನ್ಲೆಂಡು ಅಂದ್ರೆ ದುಬೈ ಆಚೆಗಾ, ಈಚೆಗಾ?' ಅಂದಳು ಅವ್ವ. ಅಣ್ಣ ಸೊಸೈಟಿ ಸಾಲದ ಲೆಕ್ಕಕ್ಕೆ ಕೂತ. ಅತ್ತಿಗೆ ನನ್ನ ಕಡೆ ತಿರುಗಿ, 'ನೀನು ಓದ್ದೋನು, ಹೋಗೋದು ಬರೋದೆಲ್ಲ ನೀನೇ ನೋಡ್ಕೋಬೇಕು ಕಣಪ್ಪ' ಅಂದರು. ನನ್ನ ಹತ್ತಿರ ಪಾಸ್‌ಪೋರ್ಟ್ ಕೂಡ ಇರಲಿಲ್ಲ.

ಇಂಥ ಸಮ್ಮೇಳನಗಳಿಗೆ ಪ್ರತಿನಿಧಿಗಳ ಪ್ರಯಾಣ ಮಾಹಿತಿ ಅಂತ ಒಂದು ಪುಟ ಇರುತ್ತದೆ. ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಥರ. ವಿಮಾನ ನಿಲ್ದಾಣದಿಂದ ಸಭಾಂಗಣ ಎಷ್ಟು ದೂರ, ಯಾವ ರೈಲು, ಯಾವ ಹೋಟೆಲ್, ಹವೆ ಹೇಗಿರುತ್ತೆ, ವೀಸಾ ಬೇಕಿದ್ದವರು ಬೇಗ ಅರ್ಜಿ ಹಾಕಿ. ಬರೆದಿದ್ದರಲ್ಲಿ ತಪ್ಪೇನಿರುವುದಿಲ್ಲ. ಆದರೆ ಅದು ಶುರುವಾಗೋದೇ ವಿಮಾನ ಇಳಿದ ಮೇಲೆ. ನಮಗೆ ಕಷ್ಟದ ದಾರಿ ಇದ್ದದ್ದು ಮನೆಯ ಹಜಾರದಿಂದ ಬೆಂಗಳೂರಿನವರೆಗೆ.

ಮೊದಲ ತೊಡಕು ಹೆಸರು. ನಮ್ಮ ಹಳೇ ಮೈಸೂರು ಕಡೆಯವರಿಗೆ ಮನೆತನದ ಹೆಸರು ಇರೋದು ಕಡಿಮೆ. ಒಂದು ಹೆಸರು, ಅದಕ್ಕೆ ಎರಡು ಇನಿಷಿಯಲ್. ಒಂದು ಊರಿನದು, ಇನ್ನೊಂದು ಅಪ್ಪನದು. ಅತ್ತಿಗೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಕೊನೆಗೆ, ನರ್ಸಿಂಗ್ ನೋಂದಣಿಯಲ್ಲಿ ಶುರುವಿಗೆ, ಆಧಾರ್‌ನಲ್ಲಿ ಒಂದೇ ಅಕ್ಷರ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯೋದಿಲ್ಲ, ಬಿಡಿಸಿ ಬರೆಯಬೇಕು. ಬರೀ ಹೆಸರು ಹಾಕಿ ಸರ್‌ನೇಮ್ ಜಾಗ ಖಾಲಿ ಬಿಟ್ಟರಾಯಿತು ಅಂದ ಅಣ್ಣ. ಹಾಗೆ ಬಿಟ್ಟವರ ಪಾಡು ನಾನು ಓದಿದ್ದೆ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರನ್ನು ಪ್ರವಾಸಿ ವೀಸಾದಲ್ಲಿ ಬಿಟ್ಟುಕೊಳ್ಳೋದಿಲ್ಲ ಅಂದಿತ್ತು. ಆಮೇಲೆ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಆಗುತ್ತೆ ಅಂತ ಸಡಿಲಿಸಿದರು. ಅದಕ್ಕೇ ಅತ್ತಿಗೆಯ ಅಪ್ಪನ ಪೂರ್ತಿ ಹೆಸರನ್ನು ಸರ್‌ನೇಮ್ ಮಾಡಿದೆವು. ಆಧಾರ್ ಅನ್ನೂ ಹಾಗೇ ತಿದ್ದಿಸಿದೆವು. ಆಧಾರ್‌ನಲ್ಲಿ ಹೆಸರು ತಿದ್ದೋದಕ್ಕೆ ಜೀವಮಾನದಲ್ಲಿ ಎರಡೇ ಅವಕಾಶ, ಅದನ್ನು ಸುಮ್ಮನೆ ಖರ್ಚು ಮಾಡಿಕೊಳ್ಳಬೇಡಿ.

ಪಾಸ್‌ಪೋರ್ಟ್ ಶುಲ್ಕ 1500 ರೂಪಾಯಿ. ಬೆಂಗಳೂರಿಗೆ ಹೋಗೋದು ಬೇಡ, ಹಾಸನದ ಅಂಚೆ ಕಚೇರಿಯಲ್ಲೇ ಆಯಿತು. ಸರ್ಕಾರಿ ನೌಕರರು ಅನುಮತಿ ಪತ್ರ ಬರುವವರೆಗೆ ಕಾಯಬೇಕಿಲ್ಲ. ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುತ್ತಿದ್ದೇನೆ ಅಂತ ತಮ್ಮ ಕಚೇರಿಗೆ ಮೊದಲೇ ಒಂದು ತಿಳುವಳಿಕೆ ಪತ್ರ ಕೊಟ್ಟು, ಅದರ ಪ್ರತಿ ಇಟ್ಟುಕೊಂಡರೆ ಅರ್ಜಿ ತೆಗೆದುಕೊಳ್ಳುತ್ತಾರೆ. ಪಾಸ್‌ಪೋರ್ಟ್ ಬೇಗ ಬಂತು. ಆದರೆ ದೇಶ ಬಿಟ್ಟು ಹೋಗೋದಕ್ಕೆ ಬೇಕಾದ ಅನುಮತಿ ಮತ್ತು ರಜೆಯ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗೋದಕ್ಕೆ ಅದಕ್ಕಿಂತ ಹೆಚ್ಚು ದಿನ ತೆಗೆದುಕೊಂಡಿತು. ಎರಡು ಮೇಜಿನ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ. 'ನೀವು ಹೋಗಿ ಅಲ್ಲೇನು ಮಾಡ್ತೀರಮ್ಮ?' ಅಂತ ಕೇಳಿದರಂತೆ ಒಬ್ಬರು. ಅತ್ತಿಗೆ ಉತ್ತರ ಕೊಡಲಿಲ್ಲ. ಡ್ಯೂಟಿ ಇಲ್ಲದ ದಿನ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದರು, ಅಷ್ಟೆ.

ನೋಂದಣಿ ಶುಲ್ಕ ಕಟ್ಟಲು ಕೂತಾಗ ಅಣ್ಣನ ಕಾರ್ಡು ಹೋಗಲಿಲ್ಲ. ಮೂರು ಸಲ ಒತ್ತಿದೆವು, ಬ್ಯಾಂಕಿನಲ್ಲಿ ದುಡ್ಡಿದೆ, ಆದರೂ ಆಗಲಿಲ್ಲ. ಆಮೇಲೆ ತಿಳಿಯಿತು. ಹೊಸ ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುವ ಹಾಗೆ ಬರುತ್ತವೆ, ಹೊರದೇಶದ ವ್ಯವಹಾರವನ್ನು ಬ್ಯಾಂಕಿನ ಆ್ಯಪಿನಲ್ಲಿ ನಾವೇ ಆನ್ ಮಾಡಿಕೊಳ್ಳಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮ. ನಮ್ಮ ಒಳ್ಳೆಯದಕ್ಕೇ ಮಾಡಿದ್ದು, ಆದರೆ ಗೊತ್ತಿಲ್ಲದವನಿಗೆ ಅದು ಮುಚ್ಚಿದ ಬಾಗಿಲು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ನೋಂದಣಿ ಅರ್ಜಿ ತುಂಬಿದ್ದು ನಾನು. ರಾತ್ರಿ ಹನ್ನೊಂದಾಗಿತ್ತು, ಬೆಳಿಗ್ಗೆ ಕೊಡಬೇಕಾದ ಸುದ್ದಿ ಬಾಕಿ ಇತ್ತು. ಪಾಸ್‌ಪೋರ್ಟ್ ಪಕ್ಕದಲ್ಲೇ ಇದ್ದರೂ, ವರ್ಷಗಟ್ಟಲೆ ಪತ್ರಿಕೆಗೆ ಬರೆದ ಕೈ ನೋಡಿ, ಅತ್ತಿಗೆಯ ಹೆಸರನ್ನು ಇನಿಷಿಯಲ್ ಸಮೇತ ಹೊಡೆದುಬಿಟ್ಟೆ. ಶುಲ್ಕ ಕಟ್ಟಿದ ಮೇಲೆ ಸಮ್ಮೇಳನದ ಆಹ್ವಾನ ಪತ್ರವೂ ಅದೇ ಹೆಸರಿನಲ್ಲಿ ಬಂತು. ಬಣ್ಣದ ಪ್ರಿಂಟ್ ತೆಗೆಸಿ ಅವ್ವನಿಗೆ ತೋರಿಸಿದೆವು. ಯಾರಿಗೂ ಹೊಳೆಯಲಿಲ್ಲ.

ಫಿನ್ಲೆಂಡ್ ಷೆಂಗೆನ್ ದೇಶ. ವೀಸಾ ಶುಲ್ಕ 90 ಯೂರೊ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಎಳೆದರೆ 45 ದಿನ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಟಿಕೆಟ್ ಕಾಯ್ದಿರಿಸಿದ ದಾಖಲೆ, ಉಳಿಯೋ ಜಾಗ, ಕೆಲಸ ಮಾಡೋ ಕಡೆಯ ರಜೆ ಪತ್ರ ಎಲ್ಲ ಸೇರಿಸಬೇಕು. ಬೆರಳಚ್ಚು ಕೊಡಲು ತಾವೇ ಹೋಗಬೇಕು, ಇನ್ನೊಬ್ಬರನ್ನು ಕಳಿಸಿದರೆ ಆಗುವುದಿಲ್ಲ. ಪತ್ರ ತೆಗೆದುಕೊಳ್ಳೋದು ಬೆಂಗಳೂರಿನಲ್ಲಿ, ತೀರ್ಮಾನ ದಿಲ್ಲಿಯಲ್ಲಿ. ರಜೆ ಕಡತ ತಡವಾದ್ದರಿಂದ ನಾವು ಬೆಂಗಳೂರಿಗೆ ಹೋದಾಗ ಮೇ ತಿಂಗಳು ಹುಟ್ಟಿತ್ತು. ಬೆಳಗಿನ ಜಾವದ ಬಸ್ಸಿಗೆ ಹೋದೆವು. ಜೊತೆಗೆ ಬಂದವರನ್ನು ಒಳಗೆ ಬಿಡೋದಿಲ್ಲ, ನಾನು ಹೊರಗೆ ಎಳನೀರು ಗಾಡಿ ಪಕ್ಕ ನಿಂತಿದ್ದೆ.

ಒಂದೂವರೆ ಗಂಟೆ ಆದ ಮೇಲೆ ಅತ್ತಿಗೆ ಆಚೆ ಬಂದರು. ಫೈಲು ಕಂಕುಳಲ್ಲೇ ಇತ್ತು. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ಹೆಸರು, ಆಹ್ವಾನ ಪತ್ರದ ಹೆಸರು ಎರಡನ್ನೂ ಬೆರಳಿಟ್ಟು ತೋರಿಸಿದಳಂತೆ. ಹೀಗೇ ಕೊಡುವುದಾದರೆ ಕೊಡಿ, ವ್ಯತ್ಯಾಸ ಇರೋದು ಗೊತ್ತಿದೆ ಅಂತ ಸಹಿ ಹಾಕಿ, ಇಲ್ಲದಿದ್ದರೆ ಸರಿಮಾಡಿಸಿಕೊಂಡು ಇನ್ನೊಂದು ದಿನ ಬನ್ನಿ ಅಂದಳಂತೆ. ಅತ್ತಿಗೆ ಕೊಡದೇ ಬಂದಿದ್ದರು.

ನನಗೆ ಮುಖ ಎತ್ತಲು ಆಗಲಿಲ್ಲ. ಸಾಲದ ದುಡ್ಡು, ಹಿಂದಿರುಗದ ಟಿಕೆಟ್ಟು, ಆ ಬೆಂಚಿನ ಮೇಲೆ ಕೂತ ದಿನಗಳು ಎಲ್ಲ ನನ್ನ ಒಂದು ರಾತ್ರಿಯ ಅವಸರಕ್ಕೆ ಸಿಕ್ಕಿಕೊಂಡಿದ್ದವು. ಕೊಟ್ಟು ಬರಬಹುದಿತ್ತಲ್ಲ ಅತ್ತಿಗೆ, ಆದರೆ ಆಗುತ್ತಿತ್ತು ಅಂದೆ. ಅವರು ಎಳನೀರು ಕುಡಿದು ಮುಗಿಸಿ ಹೇಳಿದರು, 'ನಮ್ಮ ವಾರ್ಡಲ್ಲಿ ಮಗು ಕೈಗೆ ಕಟ್ಟೋ ಚೀಟೀಲಿ ತಾಯಿ ಹೆಸ್ರು ಒಂದಕ್ಷರ ತಪ್ಪಿದ್ರೂ ನಾನು ಮಗು ಕೊಡಲ್ಲ. ಅವಳ ಕೆಲಸ ಅವಳು ಮಾಡಿದ್ಲು. ನೀನು ಈಗ್ಲೇ ಅವರಿಗೆ ಮೇಲ್ ಹಾಕು.'

ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಕೂತು ಮೇಲ್ ಹಾಕಿದೆ. ಮಾರನೇ ದಿನವೇ ತಿದ್ದಿದ ಪತ್ರ ಬಂತು. ಸಮಯ ತಿಂದದ್ದು ವೀಸಾ ಕೇಂದ್ರದಲ್ಲಿ ಇನ್ನೊಂದು ದಿನಾಂಕ ಸಿಗೋದು. ಹನ್ನೊಂದು ದಿನ ಕಾದೆವು. ಎರಡನೇ ಸಲ ಹೋಗುವಾಗ ಬಸ್ಸಿನಲ್ಲಿ ನಾನು ಪ್ರತಿ ಹಾಳೆಯ ಮೇಲೂ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಪಕ್ಕದ ಸೀಟಿನವರು ಮಂತ್ರ ಹೇಳಿಕೊಳ್ಳುತ್ತಿದ್ದಾನೆ ಅಂದುಕೊಂಡಿರಬೇಕು.

ವಿಮಾನ ಇದ್ದದ್ದು ಜೂನ್ 7ಕ್ಕೆ. ಜೂನ್ 3ರವರೆಗೂ ಏನೂ ಸುದ್ದಿಯಿಲ್ಲ. ಅವತ್ತು ಸಂಜೆ ಕೊರಿಯರ್ ಹುಡುಗ ಫೋನ್ ಮಾಡಿ, ಮಳೆ ಇದೆ, ನಾಳೆ ಕೊಡ್ತೀನಿ ಅಂದ. ಅಣ್ಣ ಬೈಕಿನಲ್ಲಿ ಹೋಗಿ ಅವನಿದ್ದಲ್ಲೇ ಇಸಿದುಕೊಂಡು ಬಂದ. ಲಕೋಟೆ ಒಡೆದು ನೋಡಿದರೆ ವೀಸಾ ಅಂಟಿಸಿತ್ತು. ಅತ್ತಿಗೆ ನೈಟ್ ಡ್ಯೂಟಿಗೆ ಹೋಗಿದ್ದರು. ಫೋನ್ ಎತ್ತಲಿಲ್ಲ, ಯಾರದೋ ಹೆರಿಗೆ ನಡೀತಿತ್ತಂತೆ.

ಮೂಟೆ ಕಟ್ಟುವಾಗ ಅವ್ವನ ಜೊತೆ ದೊಡ್ಡ ಜಗಳ. ನಮ್ಮ ಅರಸೀಕೆರೆ ಕಡೆಯವರು ಕೊಬ್ಬರಿ ಇಲ್ಲದೆ ಹೊಸಲು ದಾಟುತ್ತಾರೆಯೇ? ಆದರೆ ಇಡೀ ಕೊಬ್ಬರಿ ವಿಮಾನದ ನಿಯಮದಲ್ಲಿ ಅಪಾಯದ ವಸ್ತು. ಎಣ್ಣೆ ಜಾಸ್ತಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ. ಸೂಟ್‌ಕೇಸಿನಲ್ಲಿ ಸಿಕ್ಕರೆ ತೆಗೆದಿಡುತ್ತಾರೆ. ತುಪ್ಪದ ಬಾಟಲಿಯೂ ಬೇಡ ಅಂದೆ. ಹಾಲಿನಿಂದ ಮಾಡಿದ್ದನ್ನು, ಮಾಂಸವನ್ನು ಹೊರಗಿನಿಂದ ಯುರೋಪಿನೊಳಕ್ಕೆ ಬಿಡೋದಿಲ್ಲ. ಹಸಿ ಕರಿಬೇವು ಕೂಡ ಪ್ರಮಾಣಪತ್ರ ಇಲ್ಲದೆ ಆಗಲ್ಲ. 'ಅದ್ಯಾವ ಸೀಮೆ ದೇಶನೋ, ತುಪ್ಪ ಬ್ಯಾಡ ಅನ್ನೋದು' ಅಂತ ಅವ್ವ ಒಳಗೆ ಹೋದಳು. ಉಪ್ಪಿನಕಾಯಿ, ಹುರಳಿ ಚಟ್ನಿಪುಡಿ, ಅವಲಕ್ಕಿ ಸೂಟ್‌ಕೇಸಿಗೆ ಹೋದವು. ಥೈರಾಯ್ಡ್ ಮಾತ್ರೆ ಚೀಟಿ ಸಮೇತ, ಕವರು ಬಿಚ್ಚದೆ, ಕೈಚೀಲಕ್ಕೆ.

ನಾನು ಎರಡು ಹಾಳೆ ಕನ್ನಡದಲ್ಲಿ ಬರೆದುಕೊಟ್ಟೆ. ಈ ಸಲ ಮೂರು ಸಲ ತಿದ್ದಿ. ಮೆಜೆಸ್ಟಿಕ್ಕಿನಿಂದ ವಾಯುವಜ್ರ ಬಸ್ಸು, ಇಳಿಯೋದು ಎರಡನೇ ಟರ್ಮಿನಲ್, ಹೊರದೇಶದ ವಿಮಾನಗಳು ಅಲ್ಲಿಂದಲೇ. ದೋಹಾದಲ್ಲಿ ವಿಮಾನ ಬದಲಿ, ನಿಲ್ದಾಣದಿಂದ ಆಚೆ ಹೋಗದಿದ್ದರೆ ಅಲ್ಲಿನ ವೀಸಾ ಬೇಡ. ಹೆಲ್ಸಿಂಕಿ ನಿಲ್ದಾಣದೊಳಗಿಂದಲೇ ರೈಲಿದೆ, ಐ ಅಥವಾ ಪಿ ಅಕ್ಷರದ್ದು ಹತ್ತಬೇಕು, ಟಿಕೆಟ್ ಎಬಿಸಿ ವಲಯದ್ದು. ಗೇಟು ಇಲ್ಲ ಅಂತ ಟಿಕೆಟ್ ಇಲ್ಲದೆ ಹತ್ತಬೇಡಿ, ಮಧ್ಯದಲ್ಲಿ ತಪಾಸಣೆಯವರು ಬರುತ್ತಾರೆ. ಇಳಿಯೋದು ಪಾಸಿಲ, ಮೆಸ್ಸುಕೆಸ್ಕುಸ್ ಅನ್ನೋ ಸಭಾಂಗಣ ಅಲ್ಲಿಂದ ನಡೆಯುವಷ್ಟು ದೂರ. ಬೋರ್ಡಿನಲ್ಲಿ ಎರಡು ಹೆಸರಿರುತ್ತದೆ, ಒಂದು ಫಿನ್ನಿಷ್, ಇನ್ನೊಂದು ಸ್ವೀಡಿಷ್. ಪಾಸಿಲಾಕ್ಕೆ ಬೋಲೆ ಅಂತಲೂ ಹೆಸರು, ಗಾಬರಿ ಬೇಡ, ಎರಡೂ ಒಂದೇ ಊರು. ನಲ್ಲಿ ನೀರು ಕುಡಿಯಬಹುದು. ಫೋನಿನ ಎರಡು ಕಡ್ಡಿಯ ಚಾರ್ಜರ್ ಅಲ್ಲಿನ ಸಾಕೆಟ್‌ಗೆ ಹೋಗುತ್ತೆ, ನಮ್ಮ ಮೂರು ಕಡ್ಡಿಯದು ಹೋಗಲ್ಲ. ಏನಾದರೂ ಆದರೆ 112, ನಮ್ಮಲ್ಲಿ ಇರುವ ನಂಬರೇ. ಸ್ವೆಟರ್ ಸೂಟ್‌ಕೇಸಿಗೆ ಹಾಕದೆ ಕೈಯಲ್ಲಿ ಇಟ್ಟುಕೊಳ್ಳಿ. ಅಲ್ಲಿನ ಗಡಿಯಾರ ಜೂನಿನಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ.

ಹಾಳೆಯ ತುದಿಯಲ್ಲಿ ಅವರ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆದಿದ್ದೆ. ಅದನ್ನು ನೋಡಿ ಅತ್ತಿಗೆ ನಕ್ಕರು. 'ನಮ್ಮಪ್ಪ ಹಾಸನ ಬಿಟ್ಟು ಆಚೆ ಹೋದೋರಲ್ಲ. ಈಗ ಹೆಸ್ರಾದ್ರೂ ಹೋಗ್ತಾ ಇದೆ.' ಅವರ ಅಪ್ಪ ತೀರಿಕೊಂಡು ಆರು ವರ್ಷ.

ರಾತ್ರಿ ಒಂದು ಗಂಟೆಗೆ ವಾಟ್ಸಾಪಿನಲ್ಲಿ ದನಿ ಬಂತು. 'ಇಲ್ಲಿ ಹತ್ತೂವರೆ ಕಣಪ್ಪ, ಇನ್ನೂ ಬೆಳಕೈತೆ. ಜೊತೆಗಿರೋ ಸಿಸ್ಟರು ನಿದ್ದೆ ಬರಲ್ಲ ಅಂತ ಒದ್ದಾಡ್ತಾ ಅವ್ರೆ. ನಂಗೇನು, ನೈಟ್ ಡ್ಯೂಟಿ ಮುಗ್ಸಿ ಹಗಲೊತ್ತು ಮಲಗಿ ಅಭ್ಯಾಸ. ಕಿಟಕಿಗೆ ಪರದೆ ಎಳೆದು ಮಲಗ್ತೀನಿ. ಅವ್ವಂಗೆ ಹೇಳು, ಪಾಸಿಲಾದಲ್ಲಿ ಸರಿಯಾಗೇ ಇಳಿದೆ ಅಂತ.' ಪೋಸ್ಟರ್ ಮುಂದೆ ನಿಂತ ಫೋಟೊ ಆಮೇಲೆ ಬಂತು. ಕೊರಳಲ್ಲಿ ನೇತಾಡುತ್ತಿದ್ದ ಬ್ಯಾಡ್ಜನ್ನು ನಾನು ದೊಡ್ಡದು ಮಾಡಿ ನೋಡಿದೆ. ಹೆಸರು ಸರಿ ಇತ್ತು.

ಅವರು ಬಂದ ಮೇಲೆ ಆ ಎರಡು ಹಾಳೆಯ ಫೋಟೊ ಯಾವ ಯಾವ ಗುಂಪಿಗೆ ಹೋಯಿತೋ. ಮೊನ್ನೆ ಸಕಲೇಶಪುರ ಕಡೆಯಿಂದ ಒಬ್ಬರು ಸಿಸ್ಟರ್ ಫೋನ್ ಮಾಡಿದ್ದರು. ಬೇರೆ ಯಾವುದೋ ದೇಶದ ಸಮ್ಮೇಳನಕ್ಕೆ ಕರೆದಿದ್ದಾರಂತೆ. 'ಅಣ್ಣಾ, ಹೋಟೆಲ್ ಪಟ್ಟಿ ಕೊಟ್ಟವ್ರೆ, ಯಾವ್ದು ಹಿಡೀಲಿ?' ಅಂತ ಕೇಳಿದರು.

ಹೋಟೆಲ್ ಇರಲಿ ತಾಯಿ, ಮೊದಲು ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಗೊಂಡು ಬನ್ನಿ, ಹೆಸರಿನ ಜೊತೆ ಎಷ್ಟು ಇನಿಷಿಯಲ್ ಇದೆ ಹೇಳಿ ಅಂದೆ.

ಬೀರು ಬಾಗಿಲು ತೆಗೆದ ಸದ್ದು ಕೇಳಿಸಿತು.

'ಮೂರು' ಅಂದರು.