ಆರು ಕಾರುಗಳ ಪಂದ್ಯ

ಕನ್ನಡ ಮೇಷ್ಟರಿಗೆ ಯಾವ ಯಾವ ಹುಚ್ಚು ಇರಬಹುದೆಂಬುದನ್ನು ಲೋಕ ಮೊದಲೇ ಗೊತ್ತುಮಾಡಿಬಿಟ್ಟಿದೆ. ಶಾಸನದ ಹುಚ್ಚು, ಓಲೆಗರಿಯ ಹುಚ್ಚು, ಗಮಕದ ಹುಚ್ಚು, ಇಲ್ಲವೆ ಎಲೆಯಡಿಕೆಯ ಹುಚ್ಚು: ಇವುಗಳಲ್ಲಿ ಒಂದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ನನ್ನದು ಆ ಪಟ್ಟಿಯಲ್ಲಿಲ್ಲದ ಹುಚ್ಚು. ನನಗೆ ಮೋಟಾರು ಪಂದ್ಯವೆಂದರೆ ಪ್ರಾಣ. ವಾರವೆಲ್ಲ ಕುಮಾರವ್ಯಾಸನ ಷಟ್ಪದಿಯನ್ನು ಬಿಡಿಸಿ ಹೇಳುವ ಈ ಬಾಯಿ ಭಾನುವಾರ ಸಂಜೆ ಟೀವಿಯ ಮುಂದೆ, “ಟೈರು ಸವೆದಿದೆ, ಒಳಗೆ ಬಾರಯ್ಯ!” ಎಂದು ಯೂರೋಪಿನ ಯಾವನೋ ಚಾಲಕನಿಗೆ ಬುದ್ಧಿ ಹೇಳುತ್ತಿರುತ್ತದೆ. ನಮ್ಮ ಕಾಲೇಜಿನ ಇತಿಹಾಸದ ಅಧ್ಯಾಪಕರು ಒಮ್ಮೆ ಕೇಳಿದರು: “ಅಲ್ಲ ಸ್ವಾಮಿ, ಹೊರಟ ಜಾಗಕ್ಕೇ ಬಂದು ಸೇರುವುದಾದರೆ ಅಷ್ಟು ಅವಸರದಲ್ಲಿ ಹೊರಡುವುದಾದರೂ ಏಕೆ?” ಹದಿನೈದು ವರ್ಷದಿಂದ ಒಂದೇ ಟಿಪ್ಪಣಿಯನ್ನು ಬರೆಸುತ್ತಿರುವವರು ಅವರು. ನಾನು ಉತ್ತರ ಹೇಳುವ ಗೋಜಿಗೆ ಹೋಗಲಿಲ್ಲ.

ಈ ಹುಚ್ಚು ಹಿಡಿಸಿದವರು ನನ್ನ ಸೋದರಮಾವ. ಮೈಸೂರಿನಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ದಿ ಮೋಟಾರು ಸೈಕಲ್ಲುಗಳನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅವರು ಕೆಲಸಕ್ಕಿದ್ದರು. ಮದರಾಸಿನ ಹತ್ತಿರ ಷೋಲಾವರಂ ಎಂಬಲ್ಲಿ ಯುದ್ಧಕಾಲದ ಹಳೆಯ ವಿಮಾನದ ಓಟದಾರಿಯ ಮೇಲೆ ಪಂದ್ಯಗಳು ನಡೆಯುತ್ತಿದ್ದ ಕಾಲ ಅದು. ಮಾವ ರಜಾ ಹಾಕಿ, ಬುತ್ತಿ ಕಟ್ಟಿಕೊಂಡು ರೈಲು ಹತ್ತುತ್ತಿದ್ದರು. ಮೂರು ದಿನದ ಮೇಲೆ ಬಿಸಿಲಿಗೆ ಕಪ್ಪಿಟ್ಟ ಮುಖ ಹೊತ್ತು ಹಿಂದಿರುಗಿ, ಜಗಲಿಯ ಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಕಥೆ ಹೇಳುತ್ತಿದ್ದರು. ಯಾವ ತಿರುವಿನಲ್ಲಿ ಯಾರು ಎಲ್ಲಿ ಬ್ರೇಕು ಹಿಡಿದರು, ಯಾವ ಎಂಜಿನ್ನಿನ ಸದ್ದು ಯಾವಾಗ ಒಡೆಯಿತು, ಎಲ್ಲವೂ ಬರುತ್ತಿತ್ತು. ಗೆದ್ದವನ ಹೆಸರು ಬರುವುದಕ್ಕೆ ಮಾತ್ರ ಒಂದು ಗಂಟೆ ಹಿಡಿಯುತ್ತಿತ್ತು. ಅಷ್ಟು ಹೊತ್ತಿಗೆ ನಮಗೆ ಅದು ಬೇಕಾಗಿಯೂ ಇರುತ್ತಿರಲಿಲ್ಲ.

ಇಂಥ ಕಥೆಗಳನ್ನು ಕೇಳಿ ಬೆಳೆದವನಿಗೆ ಸೋಮವಾರದ ವೃತ್ತಪತ್ರಿಕೆ ಒಂದು ಶಿಕ್ಷೆ. ಆಟದ ಪುಟದ ಮೂಲೆಯಲ್ಲಿ ಪಂದ್ಯದ ವರದಿ ಇರುತ್ತದೆ. ಗೆದ್ದವನ ಹೆಸರು, ಎರಡನೆಯವನ ಹೆಸರು, ಡಿಕ್ಕಿ ಹೊಡೆದ ಕಾರಿನ ಚಿತ್ರ, ಮುಗಿಯಿತು. ಕುರುಕ್ಷೇತ್ರದ ಸುದ್ದಿಯನ್ನು ಇವರ ಕೈಗೆ ಕೊಟ್ಟಿದ್ದರೆ, “ಪಾಂಡವರಿಗೆ ಜಯ, ದುರ್ಯೋಧನನ ತೊಡೆಗೆ ಪೆಟ್ಟು” ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಆದರೆ ಅಷ್ಟು ತಿಳಿದುಕೊಂಡವನಿಗೆ ಭಾರತ ಓದಿದ ಪುಣ್ಯ ಬಂದೀತೆ?

ಒಂದು ಉದಾಹರಣೆ ಕೊಡುತ್ತೇನೆ. 2021ರ ಡಿಸೆಂಬರಿನಲ್ಲಿ ಅಬುಧಾಬಿಯಲ್ಲಿ ಆ ವರ್ಷದ ಫಾರ್ಮುಲಾ ಒನ್ ಸರಣಿಯ ಕೊನೆಯ ಪಂದ್ಯ ನಡೆಯಿತು. ಹ್ಯಾಮಿಲ್ಟನ್, ವರ್ಸ್ಟಾಪೆನ್ ಇಬ್ಬರಿಗೂ ತಲಾ 369.5 ಅಂಕ. 58 ಸುತ್ತಿನ ಪಂದ್ಯದಲ್ಲಿ ಹ್ಯಾಮಿಲ್ಟನ್ ಮುಂದಿದ್ದ. ಕೊನೆಗೆ ಐದಾರು ಸುತ್ತು ಇರುವಾಗ ಬೇರೆಯವನೊಬ್ಬನ ಕಾರು ಗೋಡೆಗೆ ಬಡಿಯಿತು. ಎಲ್ಲರೂ ನಿಧಾನವಾಗಿ ಸುರಕ್ಷಾ ಕಾರಿನ ಹಿಂದೆ ಸಾಲುಗಟ್ಟಿದರು. ಆ ಬಿಡುವಿನಲ್ಲಿ ವರ್ಸ್ಟಾಪೆನ್ ಹೊಸ ಟೈರು ಹಾಕಿಸಿಕೊಂಡ. ಹ್ಯಾಮಿಲ್ಟನ್ನನದು ಸವೆದ ಟೈರು. ಒಂದು ಸುತ್ತು ಹಿಂದೆ ಬಿದ್ದಿದ್ದ ಎಂಟು ಕಾರುಗಳು ಸಾಲಿನಲ್ಲಿದ್ದವು. ಪಂದ್ಯದ ನಿರ್ದೇಶಕ ಅವುಗಳಲ್ಲಿ ಐದನ್ನು ಮಾತ್ರ, ಅಂದರೆ ಈ ಇಬ್ಬರ ನಡುವೆ ಇದ್ದವನ್ನು ಮಾತ್ರ, ಮುಂದಕ್ಕೆ ಬಿಟ್ಟ. ದಾರಿ ತೆರವಾಯಿತು. ಕೊನೆಯ ಸುತ್ತಿನಲ್ಲಿ ವರ್ಸ್ಟಾಪೆನ್ ಮುಂದೆ ಹೋಗಿ ಜಗಜ್ಜೆಟ್ಟಿಯಾದ. ಮುಂದಿನ ಮಾರ್ಚಿನಲ್ಲಿ ಆಡಳಿತ ಸಂಸ್ಥೆಯೇ, ಅದು ಮನುಷ್ಯ ಮಾಡಿದ ತಪ್ಪು, ಫಲಿತಾಂಶ ಮಾತ್ರ ಬದಲಾಗದು ಎಂದು ವರದಿ ಕೊಟ್ಟಿತು. ವಿವಾದವೆಲ್ಲ ನಿಂತದ್ದು ಆ ಐದು ಕಾರುಗಳ ಮೇಲೆ. ನಾನು ಮಾರನೆಯ ದಿನ ಓದಿದ ವರದಿಯಲ್ಲಿ “ರೋಚಕ” ಎಂಬ ಶಬ್ದ ಮೂರು ಸಲ ಬಂದಿತ್ತು. ಐದು ಕಾರುಗಳು ಒಂದು ಸಲವೂ ಬಂದಿರಲಿಲ್ಲ.

ಈಗ ಸುದ್ದಿಗೆ ಬರವಿದೆಯೆಂದು ನಾನು ಹೇಳುತ್ತಿಲ್ಲ. ಬರ ಹೋಗಿ ನೆರೆ ಬಂದಿದೆ. ಚಾಲಕನೊಬ್ಬ ಬೇಸರದಲ್ಲಿ ಒಂದು ಮಾತು ಗೊಣಗಿದರೆ ಸಾಕು, ಅದು ಸಂಜೆಯೊಳಗೆ ಜಗಳವಾಗುತ್ತದೆ. ಬೆಳಗಾಗುವುದರೊಳಗೆ ಅವನು ತಂಡ ಬಿಡುತ್ತಾನೆ. ಮಧ್ಯಾಹ್ನದ ವೇಳೆಗೆ ಬಿಡುವುದಿಲ್ಲ. ಕಾರು ಏಕೆ ಓಡಿತು, ಏಕೆ ಓಡಲಿಲ್ಲ ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ.

ಹಿಂದೆ ಹೀಗಿರಲಿಲ್ಲ ಎನ್ನುವುದಕ್ಕೆ ನನಗೆ ಒಬ್ಬ ಸಾಕ್ಷಿ ಇದ್ದಾನೆ. ಡೆನಿಸ್ ಜೆಂಕಿನ್‌ಸನ್ ಎಂದು ಅವನ ಹೆಸರು. ಗಡ್ಡದವನು, ಇಂಗ್ಲೆಂಡಿನ “ಮೋಟಾರ್ ಸ್ಪೋರ್ಟ್” ಮಾಸಪತ್ರಿಕೆಯ ವರದಿಗಾರ. 1955ರ ಮೇ 1ರಂದು ಇಟಲಿಯಲ್ಲಿ, ಬ್ರೆಸ್ಚಾದಿಂದ ರೋಮಿಗೆ ಹೋಗಿ ಮತ್ತೆ ಬ್ರೆಸ್ಚಾಕ್ಕೆ ಬರುವ ಸಾವಿರ ಮೈಲಿಯ ಪಂದ್ಯದಲ್ಲಿ, ಸ್ಟರ್ಲಿಂಗ್ ಮಾಸ್ ನಡೆಸುತ್ತಿದ್ದ ಮರ್ಸಿಡಿಸ್ ಕಾರಿನ ಪಕ್ಕದ ಸೀಟಿನಲ್ಲಿ ಈ ಪುಣ್ಯಾತ್ಮ ಕುಳಿತಿದ್ದ. ದಾರಿಯ ತಿರುವುಗಳನ್ನೆಲ್ಲ ಮೊದಲೇ ನೋಡಿ, ಉದ್ದನೆಯ ಕಾಗದದಲ್ಲಿ ಬರೆದು ಸುರುಳಿ ಸುತ್ತಿಕೊಂಡಿದ್ದ. ಎಂಜಿನ್ನಿನ ಸದ್ದಿಗೆ ಮಾತು ಕೇಳಿಸದಾದ್ದರಿಂದ, ಸುರುಳಿಯನ್ನು ಬಿಚ್ಚುತ್ತ ಬಿಚ್ಚುತ್ತ ಮುಂದಿನ ತಿರುವು ಎಂಥದೆಂದು ಕೈಸನ್ನೆಯಲ್ಲಿ ತಿಳಿಸುತ್ತ ಹೋದ. ನಡುದಾರಿಯಲ್ಲಿ ವಾಂತಿಯಾಯಿತು, ಕನ್ನಡಕ ಗಾಳಿಗೆ ಹಾರಿಹೋಯಿತು, ಜೇಬಿನಿಂದ ಇನ್ನೊಂದನ್ನು ತೆಗೆದು ಹಾಕಿಕೊಂಡ. 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಪಂದ್ಯ ಮುಗಿಸಿ ಗೆದ್ದರು. ಆಮೇಲೆ ಅವನು ಅದನ್ನೆಲ್ಲ ಬರೆದ. ಪತ್ರಿಕೆಯವರೆಲ್ಲ ಕಾರಿನಲ್ಲಿ ಕೂರಬೇಕೆಂದು ನನ್ನ ಹಟವಲ್ಲ. ವಾಂತಿ ಮಾಡಿಕೊಳ್ಳಬೇಕೆಂದಂತೂ ಖಂಡಿತ ಅಲ್ಲ. ಮುಂದಿನ ತಿರುವು ಎಂಥದೆಂಬುದನ್ನು ನಮಗೆ ಸನ್ನೆಯಲ್ಲಾದರೂ ತಿಳಿಸಬಾರದೆ?

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿಯೇ ಉಳಿಯುತ್ತೇನೆ. ಆದರೆ ಮಾವ ಈ ಲೇಖನವನ್ನು ಯಾರಿಂದಲಾದರೂ ಓದಿಸಿ ಕೇಳುವ ಸಂಭವವಿದೆ. ಆದ್ದರಿಂದ ಮಿಕ್ಕದ್ದನ್ನೂ ಹೇಳಬೇಕು.

2005ರಲ್ಲಿ ನಾನು ಎಂ.ಎ. ಮುಗಿಸಿ, ಕಾಲೇಜಿನ ಕೆಲಸ ಸಿಗುವವರೆಗೆ ಒಂದು ಪತ್ರಿಕೆಯಲ್ಲಿ ರಾತ್ರಿಪಾಳಿಯ ಅನುವಾದಕನಾಗಿದ್ದೆ. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ ಜೋರ್ಡನ್ ತಂಡವನ್ನು ಸೇರಿದ ವರ್ಷ ಅದು. ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಪಂದ್ಯ. ನಮಗೆ ಅದು ರಾತ್ರಿ ಹನ್ನೊಂದೂವರೆ. ಕಚೇರಿಯ ಮೂಲೆಯಲ್ಲಿದ್ದ ಟೀವಿಯಲ್ಲಿ ನೋಡುತ್ತಿದ್ದೆ. 20 ಕಾರುಗಳು ಮೊದಲ ಅಭ್ಯಾಸದ ಸುತ್ತು ಹಾಕಿದವು. ಸುತ್ತು ಮುಗಿಯುತ್ತಲೇ 14 ಕಾರುಗಳು ಒಂದರ ಹಿಂದೆ ಒಂದರಂತೆ ಒಳಗೆ ಹೋಗಿ ನಿಂತುಬಿಟ್ಟವು. ಅವೆಲ್ಲವೂ ಮಿಷೆಲಿನ್ ಟೈರಿನವು. ಹಿಂದಿನ ಶುಕ್ರವಾರ ರಾಲ್ಫ್ ಷೂಮಾಕರನ ಟೈರು ಹದಿಮೂರನೆಯ ತಿರುವಿನಲ್ಲಿ ಕೈಕೊಟ್ಟಿತ್ತು. ಆ ತಿರುವಿನ ವೇಗ ಕಡಮೆ ಮಾಡದಿದ್ದರೆ ಟೈರು ತಡೆಯುವ ಭರವಸೆ ಇಲ್ಲವೆಂದು ಕಂಪನಿಯೇ ಹೇಳಿತ್ತು. ತಿರುವನ್ನು ಬದಲಾಯಿಸಲು ಆಡಳಿತದವರು ಒಪ್ಪಲಿಲ್ಲ. ಉಳಿದ ಆರು ಬ್ರಿಜ್‌ಸ್ಟೋನ್ ಕಾರುಗಳು ಓಡಿದವು. ಜನ ಸಿಟ್ಟಿನಿಂದ ಬಾಟಲಿ ಎಸೆದರು. ಮೈಕೇಲ್ ಷೂಮಾಕರ್ ಗೆದ್ದ. ನಮ್ಮ ಕಾರ್ತಿಕೇಯನ್ ನಾಲ್ಕನೆಯವನಾಗಿ ಬಂದು 5 ಅಂಕ ಪಡೆದ. ಭಾರತೀಯನೊಬ್ಬನಿಗೆ ಸಂದ ಮೊದಲ ಅಂಕಗಳು ಅವು.

ರಾತ್ರಿ ಒಂದು ಗಂಟೆ ದಾಟಿತ್ತು. “ಪುಟ ಬಿಡಬೇಕು, ಹನ್ನೆರಡು ಸಾಲು ಕೊಡಿ” ಎಂದರು ಮೇಲಿನವರು. ಇಂಥದನ್ನು ಬಿಡು, ಇಂಥದನ್ನು ಇಡು ಎಂದು ಅವರು ಹೇಳಲಿಲ್ಲ. ಆಯ್ದವನು ನಾನೇ. “ಅಮೆರಿಕದಲ್ಲಿ ಭಾರತೀಯನ ಸಾಧನೆ: ಕಾರ್ತಿಕೇಯನ್‌ಗೆ ನಾಲ್ಕನೆಯ ಸ್ಥಾನ” ಎಂದು ತಲೆಬರಹ ಕೊಟ್ಟೆ. 14 ಕಾರುಗಳನ್ನು ನಾನೂ ಒಳಗೆ ಕಳುಹಿಸಿಬಿಟ್ಟೆ. ಜಾಗ ಸಾಲದೆಂಬುದು ಒಂದು ನೆಪ. ಅದನ್ನು ಬರೆದರೆ ಓದುವವರ ಸಂತೋಷ ಕೆಡುತ್ತದೆಂಬುದು ಒಳಗಿನ ಮಾತು. ಬರೆದ ಹನ್ನೆರಡು ಸಾಲಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಮಾವ ಒಂದು ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದರು. ಅವರಿಗೆ ಪಂದ್ಯ ನೋಡಲು ಅನುಕೂಲವಿರಲಿಲ್ಲ. ಅಳಿಯನ ಪತ್ರಿಕೆಯೇ ಆಧಾರ. ಸೋಮವಾರ ಬೆಳಿಗ್ಗೆ ಆ ಹನ್ನೆರಡು ಸಾಲನ್ನು ಕತ್ತರಿಸಿ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ಕಾಫಿ ತರಿಸಿಕೊಟ್ಟರಂತೆ. “ಇಪ್ಪತ್ತು ಜನದಲ್ಲಿ ನಾಲ್ಕನೆಯವನು!” ಎಂದು ಬೀದಿಗೆಲ್ಲ ಹೇಳಿದರಂತೆ. ಮಧ್ಯಾಹ್ನ ಸ್ಕೂಟರಿನ ಬ್ರೇಕು ಸರಿಮಾಡಿಸಲು ಬಂದ ಕಾಲೇಜು ಹುಡುಗನೊಬ್ಬ ನಕ್ಕು, “ಓಡಿದ್ದೇ ಆರು ಗಾಡಿ ಅಂಕಲ್” ಎಂದನಂತೆ.

ಸಂಜೆ ನಾನು ಹೋದಾಗ ಗೋಡೆಯ ಮೇಲೆ ಅಂಟಿನ ಗುರುತು ಮಾತ್ರ ಇತ್ತು.

“ನಿನಗೆ ಗೊತ್ತಿತ್ತೇನೋ?” ಎಂದರು ಮಾವ.

“ಗೊತ್ತಿತ್ತು ಮಾವ. ಜಾಗ ಇರಲಿಲ್ಲ.”

“ಆರು ಗಾಡಿ ಅಂತ ಹಾಕೋದಕ್ಕೆ ಎಷ್ಟು ಜಾಗ ಬೇಕು?”

ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತು ಕೈಯೊರೆಸಿಕೊಳ್ಳುತ್ತಿದ್ದು ಕೇಳಿದರು: “ಹೋಗಲಿ, ಯಾಕೆ ನಿಂತುಹೋದವು ಅವು?”

ಹೇಳಿದೆ. ಎತ್ತರಿಸಿ ಓರೆಮಾಡಿದ ಬಲತಿರುವು, ಕಾರಿನ ಭಾರವೆಲ್ಲ ಎಡಗಡೆಯ ಹಿಂದಿನ ಟೈರಿನ ಮೇಲೆ ಬೀಳುವುದು, ಒಂದು ಕಂಪನಿಯ ಟೈರು ತಡೆದದ್ದು, ಇನ್ನೊಂದರದು ತಡೆಯದೆ ಹೋದದ್ದು. ಮಾವ ಎದ್ದು ಹೋಗಿ ಒಂದು ಹಳೆಯ ಟೈರು ಉರುಳಿಸಿಕೊಂಡು ಬಂದರು. ಅದನ್ನು ಓರೆಮಾಡಿ ನಿಲ್ಲಿಸಿ, ಪಕ್ಕದ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು. “ಹೂಂ, ಇಲ್ಲಿ ಬಿಟ್ಟುಕೊಂಡಿರುತ್ತೆ” ಎಂದರು. ಅವರ ಮುಖದಲ್ಲಿ ಷೋಲಾವರಂನಿಂದ ಬಂದ ದಿನದ ಕಳೆ ಬಂದಿತ್ತು. ಆಮೇಲೆ ಟೈರನ್ನು ಕೆಳಗೆ ಬಿಟ್ಟು, “ಇಷ್ಟು ಚೆನ್ನಾಗಿರೋದನ್ನು ಬಿಟ್ಟು ಅದ್ಯಾವುದನ್ನೋ ಬರೆದೆಯಲ್ಲೋ” ಎಂದರು. ಬೈದಿದ್ದರೆ ಇಷ್ಟು ದಿನಕ್ಕೆ ಮರೆಯುತ್ತಿದ್ದೆ.

ಈಗ ಮಾವನಿಗೆ ಕಣ್ಣು ಮಂದವಾಗಿದೆ. ಬಿಡುವಿದ್ದ ಸೋಮವಾರ ಹೋಗಿ ನಾನೇ ಪತ್ರಿಕೆ ಓದಿ ಹೇಳುತ್ತೇನೆ. ಮೂಲೆಯ ವರದಿ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. “ಮುಂದೆ?” ಎನ್ನುತ್ತಾರೆ. ಮುಂದೆ ಟೈರಿನ ಜಾಹೀರಾತು ಇರುತ್ತದೆ. ನಾನು ಪತ್ರಿಕೆಯನ್ನು ಮಡಿಸಿಟ್ಟು, ಭಾನುವಾರ ಕಂಡದ್ದನ್ನು ಮೊದಲ ತಿರುವಿನಿಂದ ಹೇಳಲು ಶುರುಮಾಡುತ್ತೇನೆ.