ಗೋಶಾಲೆಯ ಬಾಗಿಲಲ್ಲಿ

ನಿಮ್ಮಲ್ಲಿ ಅನೇಕರು ನನ್ನಂತೆಯೇ ಶ್ರೀಮಠದ ಪ್ರಸಾದ ನಿಲಯದ ಅನ್ನವನ್ನುಂಡು ಬೆಳೆದವರು. ಕೊಟ್ಟಿಗೆಯ ಸರದಿ ಬಂದ ವಾರದಲ್ಲಿ, ಆಕಾಶದಲ್ಲಿ ಇನ್ನೂ ನಕ್ಷತ್ರಗಳಿರುವಾಗಲೇ ಎದ್ದು, ಸಗಣಿ ಬಾಚಿ, ಕೈಕಾಲು ತೊಳೆದುಕೊಂಡು ಪ್ರಾರ್ಥನೆಗೆ ಓಡಿ ಬರುತ್ತಿದ್ದುದು ನಿಮಗೂ ನೆನಪಿರಬಹುದು. ಆ ಸರದಿ ನನಗೆ ಕಿಂಚಿತ್ತೂ ಹಿಡಿಸುತ್ತಿರಲಿಲ್ಲವೆಂಬುದನ್ನು ಈ ವಯಸ್ಸಿನಲ್ಲಿ ಒಪ್ಪಿಕೊಳ್ಳಲು ಸಂಕೋಚವಿಲ್ಲ. ಪ್ರೌಢಶಾಲೆಯ ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ, ೨೦೧೬ರಲ್ಲಿ, ತುಮಕೂರು ಸೀಮೆಯ ಒಂದು ಗೋಶಾಲೆಯ ಲೆಕ್ಕಪತ್ರ ನೋಡಿಕೊಳ್ಳಲೆಂದು ಬಂದವನು ಈಗ ಅಲ್ಲಿಯೇ ಒಂದು ಕೋಣೆಯಲ್ಲಿ ವಾಸವಾಗಿರುವೆನು. ಲೆಕ್ಕ ಬರೆಯುವುದು ರಾತ್ರಿ ಅರ್ಧ ಗಂಟೆಯ ಕೆಲಸ. ಉಳಿದ ಹೊತ್ತೆಲ್ಲ ಆ ಹಳೆಯ ಸರದಿಯೇ.

ಭಕ್ತರು ಗೋಶಾಲೆಗೆ ಬರುವುದು ಸಾಮಾನ್ಯವಾಗಿ ಹಬ್ಬದ ದಿನ, ಬೆಳಿಗ್ಗೆ ಹತ್ತರ ಮೇಲೆ. ಆ ವೇಳೆಗೆ ನೆಲ ತೊಳೆದಾಗಿರುತ್ತದೆ. ದನಗಳು ಮೇದು ಮೆಲುಕು ಹಾಕುತ್ತಿರುತ್ತವೆ. ನೋಡಿದವರಿಗೆ ಇದೊಂದು ಶಾಂತಿಧಾಮವೆಂದು ತೋರುತ್ತದೆ. ಆದುದರಿಂದ ನೀವು ಕಾಣದ ಹೊತ್ತಿನ ವಿಷಯವನ್ನು ಮೊದಲು ಹೇಳುವೆನು.

ನಾಲ್ಕೂವರೆಗೆ ಕತ್ತೆ ಕೂಗುತ್ತದೆ. ಇಟ್ಟಿಗೆ ಗೂಡಿನಲ್ಲಿ ದುಡಿದು ಹಿಂಗಾಲು ಸೊಟ್ಟಗಾದ ಈ ಕತ್ತೆಯೇ ನಮ್ಮ ಗಡಿಯಾರ. ಗೋಶಾಲೆಯಲ್ಲಿ ಕತ್ತೆಗೇನು ಕೆಲಸವೆಂದು ಆಕ್ಷೇಪಿಸಿದವರೂ ಉಂಟು. ಅದು ಕೂಗಿದೊಡನೆ ಟಾರ್ಚು ಹಿಡಿದು ಒಂದು ಸುತ್ತು ಬರುವೆನು. ಎದ್ದು ನಿಂತವನ್ನು ನೋಡಲೆಂದಲ್ಲ, ಏಳದಿರುವುದು ಯಾವುದೆಂದು ನೋಡಲು. ದನ ಮೊದಲು ಹಿಂಭಾಗವನ್ನೆತ್ತಿ ಅನಂತರ ಮುಂಗಾಲೂರಿ ಏಳುವ ಪ್ರಾಣಿ. ಮುಪ್ಪಿನ ಎತ್ತು ಅರ್ಧ ಎದ್ದು ಮತ್ತೆ ಕುಸಿಯುತ್ತದೆ. ಮುನ್ನೂರು ನಾನೂರು ಕಿಲೋ ತೂಕದ ದೇಹ ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಬಿದ್ದಿದ್ದರೆ ಅಡಿಗೆ ಸಿಕ್ಕ ಕಾಲಿನ ಮಾಂಸಕ್ಕೆ ರಕ್ತ ಹರಿಯದೆ ಆ ಕಾಲು ಮತ್ತೆ ಕೆಲಸಕ್ಕೆ ಬಾರದು. ಆದಕಾರಣ ನಾಲ್ವರು ಸೇರಿ ಹಗ್ಗ, ಗೋಣಿತಾಟುಗಳಿಂದ ಅದನ್ನು ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಬೇಕು; ಹೊಟ್ಟೆ ಉಬ್ಬರಿಸದಂತೆ ಪಕ್ಕಕ್ಕೆ ಹುಲ್ಲು ತುಂಬಿದ ಚೀಲವನ್ನು ಒತ್ತುಕೊಟ್ಟು ಎದೆಯ ಮೇಲೆ ಕೂರುವಂತೆ ನಿಲ್ಲಿಸಬೇಕು. ಹೀಗೆ ಹತ್ತು ದಿನ ಮಲಗಿದ್ದು ಮತ್ತೆ ಎದ್ದು ನಡೆದಾಡಿದವುಂಟು. ಏಳದೆಯೇ ಹೋದವು ಅದಕ್ಕಿಂತ ಹೆಚ್ಚು.

ನಮ್ಮಲ್ಲಿ ಸುಮಾರು ೧೪೦ ರಾಸುಗಳಿವೆ. ತಲೆಗೆ ೬ ಕಿಲೋ ಒಣಹುಲ್ಲೆಂದರೂ ದಿನಕ್ಕೆ ೮ ಕ್ವಿಂಟಲ್‌ಗೂ ಮೇಲಾಯಿತು. ನೀರು ೫೦೦೦ ಲೀಟರಿನಷ್ಟು ಬೇಕು. ಒಂದು ಪ್ರಾಣಿಯನ್ನು ರಕ್ಷಿಸಿದೆವೆಂಬ ಸಂತೋಷ ಒಂದು ದಿನದ್ದು. ಈ ಎಂಟು ಕ್ವಿಂಟಲ್ ಮಾತ್ರ ನಿತ್ಯದ್ದು.

ಇವು ಎಲ್ಲಿಂದ ಬಂದುವು? ಕೆಲವು, ೨೦೨೧ರಲ್ಲಿ ಗೋಹತ್ಯೆ ಪ್ರತಿಬಂಧಕ ಕಾಯಿದೆ ಜಾರಿಗೆ ಬಂದ ಮೇಲೆ ಪೊಲೀಸರು ಲಾರಿಗಳಿಂದ ಇಳಿಸಿ ತಂದವು. ಕೆಲವು, ಟ್ರ್ಯಾಕ್ಟರು ಬಂದ ಮೇಲೆ ಮನೆಯಲ್ಲಿ ಕೆಲಸವಿಲ್ಲದಂತಾದ ಹಳ್ಳಿಕಾರ್ ಎತ್ತುಗಳು. ಬಹುಪಾಲು ಮಾತ್ರ ಸೀಮೆಹಸುವಿನ ಗಂಡುಕರುಗಳು. ಹಾಲು ಕೊಡದ, ಬಿಸಿಲಿನಲ್ಲಿ ಉಳಲೂ ಆಗದ ಈ ಕರುವನ್ನು ಕಟ್ಟಿ ಸಾಕುವ ಶಕ್ತಿ ಯಾವ ಬಡ ರೈತನಿಗುಂಟು? ಕತ್ತಲಲ್ಲಿ ತಂದು ನಮ್ಮ ಬೇಲಿಗೆ ಕಟ್ಟಿ ಹೋಗುತ್ತಾನೆ. ಅವನನ್ನು ನಿಂದಿಸುವ ಮುನ್ನ, ನಾವೆಲ್ಲರೂ ಬೆಳಿಗ್ಗೆ ಕುಡಿಯುವ ಹಾಲಿನ ಲೆಕ್ಕದಲ್ಲಿ ಈ ಕರುವೂ ಇದೆಯೆಂಬುದನ್ನು ನೆನೆಯಬೇಕು. ಪೇಟೆಯ ಬೀದಿಯಿಂದ ಬಂದ ಒಂದು ಹಸುವಿನ ಎಡಪಕ್ಕೆಯನ್ನು ಸೀಳಿ ವೈದ್ಯರು ಎರಡು ಗೋಣಿಚೀಲದಷ್ಟು ಪ್ಲಾಸ್ಟಿಕ್ ಹೊರತೆಗೆದುದನ್ನು ಕಣ್ಣಾರೆ ಕಂಡಿರುವೆನು. ಆ ಚೀಲಗಳನ್ನು ನಮ್ಮ ಸರಕಾರ ೨೦೧೬ರಲ್ಲಿಯೇ ನಿಷೇಧಿಸಿತ್ತು. ಆ ಹಸು ಬದುಕಿತು.

ಇನ್ನು ನಾನು ಹೇಳಲೇಬೇಕಾದ ವಿಷಯಕ್ಕೆ ಬರುವೆನು.

೨೦೨೩ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ೨೦೦ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುದು ನಿಮಗೆ ತಿಳಿದಿದೆ. ಹುಲ್ಲಿನ ಮೆದೆಗಳು ಒಂದೊಂದಾಗಿ ಕರಗಿ, ದೀಪಾವಳಿಯ ಹೊತ್ತಿಗೆ ನಮ್ಮಲ್ಲಿ ಹದಿನೆಂಟು ದಿನದ ಮೇವು ಮಾತ್ರ ಉಳಿದಿತ್ತು. ಅಂತಹ ಒಂದು ಸಂಜೆ ವಯಸ್ಸಾದ ರೈತನೊಬ್ಬನು ಒಂಟಿ ಎತ್ತನ್ನು ಹೊಡೆದುಕೊಂಡು ಬಾಗಿಲಿಗೆ ಬಂದನು. ಕತ್ತಲಲ್ಲಿ ಕಟ್ಟಿ ಓಡಿಹೋಗಬಹುದಿತ್ತು. ಹಾಗೆ ಮಾಡದೆ ಬಂದು ಕೇಳಿದನು.

“ಸ್ವಾಮಿ, ಮಳೆ ಬರೋಗಂಟ ಇಟ್ಕೊಳ್ಳಿ. ಬಂದ್ಮೇಲೆ ನಾನೇ ಬಂದು ಹೊಡ್ಕೊಂಡು ಹೋಗ್ತೀನಿ. ಮಾರೋಕೆ ಮನಸ್ಸಿಲ್ಲ.”

ಒಳಗಿರುವವಕ್ಕೇ ಮೇವಿಲ್ಲವೆಂದೆನು, ತಾಲ್ಲೂಕು ಕಚೇರಿಯಲ್ಲಿ ಮೇವು ಬ್ಯಾಂಕಿನ ವಿಷಯ ವಿಚಾರಿಸೆಂದೆನು. ಹೇಳಿದುದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ವಾದಿಸಲಿಲ್ಲ. ಎತ್ತಿಗೆ ಒಂದಿಷ್ಟು ನೀರು ಕುಡಿಸಬಹುದೇ ಎಂದು ಕೇಳಿ, ಕುಡಿಸಿ, ಬಂದ ದಾರಿಯಲ್ಲಿಯೇ ತಿರುಗಿದನು. ಇಲ್ಲವೆನ್ನುವುದು ಅಂದು ನನಗೆ ಎಷ್ಟು ಸುಲಭವಾಯಿತೆಂದು ಆಮೇಲೆ ಆಶ್ಚರ್ಯಪಟ್ಟೆನು. ಅವನ ಊರನ್ನೂ ಕೇಳಿಕೊಂಡಿರಲಿಲ್ಲ.

ಕೆಲದಿನಗಳಲ್ಲಿ ನಮಗೆ ನೆರವಾದವರು ಪಟ್ಟಣದ ವರ್ತಕರೊಬ್ಬರು. ಹುಲ್ಲಿನ ಬೆಲೆ ಗಗನಕ್ಕೇರಿದ್ದಾಗ ಎರಡು ಲಾರಿ ರಾಗಿಹುಲ್ಲು ಕಳುಹಿಸಿದರು, ಹೆಸರು ಹಾಕಿಸಬೇಡಿರೆಂದರು. ಅವರಿಲ್ಲದಿದ್ದರೆ ಆ ಬೇಸಗೆಯನ್ನು ನಾವು ಕಾಣುತ್ತಿರಲಿಲ್ಲ. ೨೦೨೪ರ ಸಂಕ್ರಾಂತಿಯಂದು ಅದೇ ವರ್ತಕರು ಮನೆಮಂದಿಯೊಡನೆ ಬಂದರು. ಕಬ್ಬು, ಬಾಳೆಹಣ್ಣು, ಅವುಗಳೊಡನೆ ನಾಲ್ಕು ದೊಡ್ಡ ಪಾತ್ರೆಗಳಲ್ಲಿ ತುಪ್ಪ ಬೆಲ್ಲ ಸುರಿದು ಮಾಡಿದ ಸಿಹಿಪೊಂಗಲು.

ದನಕ್ಕೆ ಬೇಯಿಸಿದ ಅನ್ನ ಕೊಡಬಾರದೆಂದು ವೈದ್ಯರು ನನಗೆ ಹತ್ತು ಸಲ ಹೇಳಿದ್ದರು; ಬಾಗಿಲಲ್ಲಿ ಹಲಗೆಯನ್ನೂ ಬರೆಸಿ ಹಾಕಿದ್ದೆವು. ದನದ ಹೊಟ್ಟೆಯ ಮೊದಲ ಕೋಣೆ ಒಂದು ದೊಡ್ಡ ಹರವಿಯಂತೆ. ಅದರಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದು ಹುಲ್ಲನ್ನು ನಿಧಾನವಾಗಿ ಹುಳಿಸಿ ಅರಗಿಸುತ್ತವೆ. ಅಭ್ಯಾಸವಿಲ್ಲದ ಹೊಟ್ಟೆಗೆ ಅನ್ನ ಬೆಲ್ಲಗಳು ಒಮ್ಮೆಲೇ ಬಿದ್ದರೆ ಹುಳಿ ಮಿತಿಮೀರಿ, ಆ ಜೀವಿಗಳು ಸತ್ತು, ಮೈಯೊಳಗಿನ ನೀರೆಲ್ಲ ಹೊಟ್ಟೆಗೆ ಸೆಳೆದುಕೊಂಡು, ಕೊನೆಗೆ ಆ ಆಮ್ಲ ರಕ್ತಕ್ಕೂ ಸೇರುತ್ತದೆ. ಇದೆಲ್ಲವೂ ನನಗೆ ತಿಳಿದಿತ್ತು. ಆದರೆ ಎರಡು ಲಾರಿ ಹುಲ್ಲು ಕೊಟ್ಟವರು ಪಾತ್ರೆಯ ಮುಚ್ಚಳ ತೆಗೆದು, ಮೊಮ್ಮಗುವಿನ ಕೈಗೆ ಸೌಟು ಕೊಟ್ಟು ನನ್ನತ್ತ ನಗುತ್ತ ನೋಡಿದಾಗ, “ಸ್ವಲ್ಪ ಮಾತ್ರ ಹಾಕಿಸಿ, ಯಜಮಾನರೇ” ಎಂದು ಹೇಳಿ, ರಸೀತಿ ಪುಸ್ತಕ ತರುವ ನೆಪದಲ್ಲಿ ಕೋಣೆಗೆ ಹೋದೆನು.

ಗೋದಲಿಯ ಮೊದಲಿನಲ್ಲಿ ನಿಲ್ಲುತ್ತಿದ್ದುದು ಒಂದು ಜೋಡಿ ಮುದಿ ಹಳ್ಳಿಕಾರ್. ಹದಿನಾಲ್ಕು ವರ್ಷ ಒಂದೇ ನೊಗಕ್ಕೆ ಹೂಡಿದ ಎತ್ತುಗಳು. ಎಡಗಡೆಯದು ಎಡಕ್ಕೆ, ಬಲಗಡೆಯದು ಬಲಕ್ಕೆ. ಮಲಗುವಾಗಲೂ ಆ ಕ್ರಮ ತಪ್ಪುತ್ತಿರಲಿಲ್ಲ. ಎಡಗಡೆಯದು ತಿನ್ನುವುದರಲ್ಲಿ ಚುರುಕು. ಯಾರು ಏನು ಕೊಟ್ಟರೂ ಕತ್ತು ಚಾಚುತ್ತಿತ್ತು.

ಮರುದಿನ ಟಾರ್ಚಿನ ಬೆಳಕಿನಲ್ಲಿ ಏಳದೆ ಇದ್ದುದು ಅದು. ಹೊಟ್ಟೆಯನ್ನು ಒತ್ತಿದರೆ ನೀರು ತುಂಬಿದ ಚೀಲದಂತೆ ಕುಲುಕುತ್ತಿತ್ತು, ಕಣ್ಣು ಗುಳಿಬಿದ್ದಿತ್ತು, ಹಲ್ಲು ಕಡಿಯುತ್ತಿತ್ತು, ಸಗಣಿ ನೀರಾಗಿ ಹುಳಿನಾತ ಹೊಡೆಯುತ್ತಿತ್ತು. ವೈದ್ಯರು ಬಂದು ಅಡಿಗೆ ಸೋಡಾ ಕದಡಿ ಕುಡಿಸಿದರು, ರಕ್ತನಾಳಕ್ಕೆ ದ್ರವ ಏರಿಸಿದರು. “ಏನು ತಿಂದಿತ್ತು ಮೇಷ್ಟ್ರೇ?” ಎಂದು ಅವರು ಕೇಳಿದಾಗ ಹೇಳಿದೆನು. ಅವರು ಹಲಗೆಯತ್ತ ಒಮ್ಮೆ ನೋಡಿ, ಮತ್ತೇನೂ ಮಾತನಾಡದೆ ಕೆಲಸ ಮುಂದುವರಿಸಿದರು. ಮೂರನೆಯ ದಿನ ಮಧ್ಯಾಹ್ನ ಎತ್ತು ಸತ್ತಿತು. ಹೊಲದಂಚಿನಲ್ಲಿ ಗುಂಡಿ ತೋಡಿ ಉಪ್ಪು ಹಾಕಿ ಮಣ್ಣು ಮಾಡಿದೆವು. ರಾತ್ರಿ ಲೆಕ್ಕದ ಪುಸ್ತಕದಲ್ಲಿ ಕಾರಣವೆಂಬ ಕಡೆ “ವಯೋಧರ್ಮ” ಎಂದು ಬರೆದೆನು.

ಬಡವನು ಬಾಗಿಲಿಗೆ ಬಂದಾಗ ನನ್ನ ಬಾಯಲ್ಲಿದ್ದ “ಇಲ್ಲ” ಎಂಬ ಮಾತು, ದಾನಿಗಳು ಬಂದಾಗ ಎಲ್ಲಿ ಹೋಗಿತ್ತು? ಮೇವಿನ ಚಿಂತೆ ಎರಡು ಸಲವೂ ನಿಜವಾದದ್ದೇ. ಆದರೂ ಅದೊಂದೇ ಕಾರಣವೆಂದು ಹೇಳಿ ನುಣುಚಿಕೊಳ್ಳಲು ಮನಸ್ಸು ಒಪ್ಪದು. ರೈತನನ್ನು ಮರಳಿಸುವಾಗ ನಾನು ಗೋಶಾಲೆಯ ಪರವಾಗಿ ಮಾತನಾಡಿದ್ದೆನು. ಪೊಂಗಲಿನ ಮುಂದೆ ಮಾತನಾಡಬೇಕಾದಾಗ ಕೋಣೆಗೆ ಹೋಗಿದ್ದೆನು.

ಆ ವರ್ತಕರು ಈ ಪತ್ರಿಕೆಯ ಹಳೆಯ ಚಂದಾದಾರರು. ಇದನ್ನು ಅವರು ಇಲ್ಲಿ ಮೊದಲು ಓದುವುದು ಸರಿಯಲ್ಲವೆಂದು, ಬರೆದು ಮುಗಿಸಿದ ಮರುದಿನವೇ ಅವರ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆನು. ಪುಸ್ತಕದಲ್ಲಿ ಬರೆದ ಸುಳ್ಳನ್ನೂ ಹೇಳಿದೆನು. ಅದನ್ನು ಈಗ ತಿದ್ದಿರುವೆನು. ಅವರು ಬಹಳ ಹೊತ್ತು ತಕ್ಕಡಿಯ ಬಟ್ಟಲನ್ನು ಒರೆಸುತ್ತ ಕುಳಿತಿದ್ದರು.

“ಅವತ್ತೇ ಹೇಳಬೇಕಾಗಿತ್ತು, ಮೇಷ್ಟ್ರೇ. ನಾನೇನು ಹುಲ್ಲು ವಾಪಸು ಕೇಳುತ್ತಿದ್ದೆನೇ?”

ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ, “ಅದರ ಜೊತೆಯದು ಇದೆಯೇ?” ಎಂದರು.

ಇದೆ ಎಂದೆನು. ಹುಲ್ಲು ತಿನ್ನುತ್ತದೆ, ನೀರು ಕುಡಿಯುತ್ತದೆ. ಎಡಗಡೆ ಜಾಗ ಬಿಟ್ಟು ಮಲಗುತ್ತದೆ. ಬೇರೆ ಎತ್ತು ಅಲ್ಲಿಗೆ ಬಂದರೆ ಹಾಯುತ್ತದೆ.